ಬಲಗಡೆಯ ಹೂವು

ಮೇ 26, ಸೋಮವಾರ

ಬೆಳಿಗ್ಗೆ ಮತ್ತೆ ನ್ಯೂಟೌನ್, ಮತ್ತೆ ಅಲ್ಮಾಸ್‌ಳ ಝೆರಾಕ್ಸ್ ಅಂಗಡಿ. ಹಳದಿ ಕಾಗದ ಕೇಳಿದ್ದೆ, ಇದ್ದದ್ದು ಗುಲಾಬಿ. 'ಶಿಕ್ಷಣ ಅಂಗಡಿಯ ಸಾಮಾನಲ್ಲ' – ಇಷ್ಟು ಖಾರದ ತಲೆಬರಹದ ಕರಪತ್ರ ಮದುವೆ ಕಾರ್ಡಿನ ಬಣ್ಣದಲ್ಲಿ ಬಂತು.

"ಇದನ್ನ ಯಾರಾದ್ರೂ ಓದ್ತಾರೇನೇ?" ಅಂದಳು ಅಲ್ಮಾಸ್, ಮೆಷಿನ್ನಿನಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯುತ್ತ.

"ಒಬ್ಬರು ಓದಿದ್ರೂ ಸಾಕು."

"ಅರೆ, ಹೋದ ಸಲದ್ದರಲ್ಲಿ ಪಕ್ಕದ ಅಂಗಡಿಯವ್ನು ಬೋಂಡ ಕಟ್ಟಿ ಕೊಡ್ತಿದ್ದ ಮಾರಾಯ್ತಿ. ಎಣ್ಣೆ ಚೆನ್ನಾಗಿ ಹೀರುತ್ತೆ ಅಂತ ಹೊಗಳ್ತಿದ್ದ."

ಹೋದ ಸಲದ್ದು – 'ಹೂವು ಯಾಕೆ ಬೀಳುತ್ತದೆ?' ನನ್ನ ಮೊದಲ ಕರಪತ್ರ. ದೇವರ ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ ಅಂತ ಜನ ಮದುವೆ, ಮನೆ, ಆಪರೇಷನ್ ಎಲ್ಲ ತೀರ್ಮಾನ ಮಾಡುತ್ತಾರಲ್ಲ, ಅದರ ಬಗ್ಗೆ. ಒದ್ದೆ ಹೂವು ಬೆಳ್ಳಿಗೆ ಅಂಟಿಕೊಳ್ಳುತ್ತದೆ. ಒಣಗಿದ್ದು ಜಾರುತ್ತದೆ. ಹೂವಿಗೆ ಬುದ್ಧಿ ಇಲ್ಲ. ಇಷ್ಟೇ ವಿಷಯ. ಇಷ್ಟು ಹೇಳಿದ್ದಕ್ಕೆ ಬೋಂಡ.

ಗುಲಾಬಿ ಹಾಳೆಗಳನ್ನು ಬಸ್‌ಸ್ಟ್ಯಾಂಡಿನಲ್ಲಿ ಹಂಚಿದೆ. ಬಣ್ಣದ ಬ್ರೋಷರ್ ನಂಬಬೇಡಿ, ಸರ್ಕಾರಿ ಕಾಲೇಜು ನಮ್ಮದು, ನಾವೇ ಬಿಟ್ಟರೆ ಅದು ಸಾಯುತ್ತದೆ. ಮನೆಗೆ ಬಂದರೆ ಸುಪ್ರಿಯಾ ಅಂಥದೇ ಬ್ರೋಷರ್ ಹರಡಿಕೊಂಡು ಕೂತಿದ್ದಾಳೆ. ನೀಲಿ ಆಕಾಶ, ಹುಲ್ಲು, ಹಲ್ಲು ಕಿರಿಯುವ ಹುಡುಗಿಯರು. 'ಖುಷಿಯಾಗಿ ಕಲಿಯಿರಿ.'

ಖುಷಿಯನ್ನೂ ಪ್ಯಾಕೆಟ್ ಮಾಡಿ ಮಾರುತ್ತಾರೆ.

ಮೇ 28

ಮನೆಯಲ್ಲಿ ಇದೇ ಮಾತು. ಸುಪ್ರಿಯಾ ಚಿಕ್ಕಪ್ಪನ ಮಗಳು. ನಾವಿಬ್ಬರೂ ಒಂದೇ ಮನೆ, ಒಂದೇ ರೂಮು, ಪಿಯುಸಿಯಲ್ಲಿ ಒಂದೇ ಬೆಂಚು. ಇಬ್ಬರಿಗೂ ಬಿಬಿಎ ಬೇಕು. ಕಾರಣ ಮಾತ್ರ ಬೇರೆ. ಕಾರ್ಖಾನೆಗಳ ಸದ್ದು ಅಡಗಿದ ಈ ಊರಲ್ಲಿ ಕೆಲಸ ಹೋದವರೇ ಸೇರಿ ನಡೆಸುವ ವರ್ಕ್‌ಶಾಪ್ ಒಂದು ಆಗಬೇಕು ಅಂತ ನನಗೆ. ವ್ಯವಹಾರ ಕಲಿಯದಿದ್ದರೆ ಅದು ಬರೀ ಭಾಷಣ. ಅವಳದು ಸೀರೆ ಕುಚ್ಚು. ಓಲ್ಡ್‌ಟೌನಿನ ಅರ್ಧ ಸೆರಗು ಅವಳ ಕೈಯಲ್ಲೇ. ಸ್ವಂತ ಅಂಗಡಿ ಇಡುತ್ತಾಳಂತೆ.

ಶಿವಮೊಗ್ಗದ ಸರ್ಕಾರಿ ಕಾಲೇಜು, ದಿನಾ ಬಸ್ಸು. ಇಲ್ಲಾ ಮೈಸೂರಿನ ಪ್ರೈವೇಟ್ ಯೂನಿವರ್ಸಿಟಿ, ಹಾಸ್ಟೆಲ್. ಎರಡೂ ಕಡೆ ಇಬ್ಬರಿಗೂ ಸೀಟಿದೆ. ಮಾರ್ಕ್ಸ್ ನೋಡಿ ಮೈಸೂರಿನವರು ಫೀಸನ್ನೂ ಬಿಟ್ಟಿದ್ದಾರೆ. ಹಾಗಾಗಿ ದುಡ್ಡಿನ ನೆಪವೂ ನನಗಿಲ್ಲ. ಜೂನ್ ಕೊನೆಯೊಳಗೆ ಬರುತ್ತೇವೋ ಇಲ್ಲವೋ ಹೇಳಬೇಕು.

ಅಜ್ಜಿ ಅಕ್ಕಿರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟರು. "ಇಬ್ರೂ ಒಂದೇ ಕಡೆ. ಒಬ್ಳು ಅಲ್ಲಿ, ಒಬ್ಳು ಇಲ್ಲಿ ಅಂದ್ರೆ ಇಬ್ರನ್ನೂ ಮನೇಲೇ ಕೂರಿಸ್ತೀನಿ."

ಅಪ್ಪ ಸುಮ್ಮನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಇಡೀ ದಿನ ಬಾಯಿ ಮಾಡುವ ಮುರುಗೇಶಪ್ಪನವರು ಅಜ್ಜಿ ಮುಂದೆ ಮೊಳೆ ಹೊಡೆದ ಹಾಗೆ ಕೂತಿರುತ್ತಾರೆ.

ಚಿಕ್ಕಪ್ಪ ನಕ್ಕರು. "ಏನಮ್ಮಾ ಕಾಮ್ರೇಡ್, ಎಲೆಕ್ಷನ್ ಮಾಡೋಣ್ವಾ?"

ಇವರೇ ಒಂದು ಕಾಲಕ್ಕೆ ಯೂನಿಯನ್ ವೀರಪ್ಪ. ಅಟ್ಟದ ಮೇಲೆ ಕಟ್ಟು ಕಟ್ಟು ಕರಪತ್ರ ಇಟ್ಟವರು. ಎಂಟನೇ ಕ್ಲಾಸಿನಿಂದ ಅವನ್ನೇ ಓದಿ ಬೆಳೆದೆ. ಬರೆದುಕೊಂಡು ಬೆಳೆದೆ. ಈಗ ಅವರಿಗೆ ನಾನು ತಮಾಷೆ.

ಜೂನ್ 1, ಭಾನುವಾರ

ಮೈಸೂರಿಗೆ ಹೋಗಿ ಬಂದೆವು. ನಾನು, ಸುಪ್ರಿಯಾ, ಚಿಕ್ಕಪ್ಪ. ಓಪನ್ ಡೇ. ತಪ್ಪು ಹುಡುಕಲೆಂದೇ ಹೋಗಿದ್ದೆ. ಪೆನ್ನು ತೆಗೆದುಕೊಂಡೇ ಹೋಗಿದ್ದೆ.

ಸಿಕ್ಕವು: ಗೇಟಿನಲ್ಲಿ ಗುಲಾಬಿ ಹೂ ಕೊಡುತ್ತಾರೆ. 'ಸ್ಟೂಡೆಂಟ್ ಹ್ಯಾಪಿನೆಸ್' ಅಂತಲೇ ಒಂದು ಆಫೀಸ್. ಅಲ್ಲಿ ಕೂತಿದ್ದ ಟೈ ಕಟ್ಟಿದ ಮನುಷ್ಯ ನನ್ನ ಪ್ರಶ್ನೆಗೆಲ್ಲ "ಗ್ರೇಟ್ ಕ್ವೆಶ್ಚನ್" ಅಂದ, ಉತ್ತರ ಮಾತ್ರ ಹೇಳಲಿಲ್ಲ. ಫೀಸ್ ಕಟ್ಟಲಾಗದವರ ಮಕ್ಕಳು ಎಲ್ಲಿ ಓದಬೇಕು ಅಂದೆ. ಗ್ರೇಟ್ ಕ್ವೆಶ್ಚನ್.

ಬರೆಯಬಾರದು ಅಂದುಕೊಂಡಿದ್ದು – ಲೈಬ್ರರಿ. ಕಿಟಕಿ ಪಕ್ಕ ಉದ್ದ ಮೇಜು. ಸಹಕಾರ ಸಂಘಗಳ ಬಗ್ಗೆಯೇ ಒಂದು ಇಡೀ ಕಪಾಟು. ನಾನು ಕೈ ಹಿಂದೆ ಕಟ್ಟಿಕೊಂಡೆ. ಮುಟ್ಟಿದರೆ ಸೋತೆ ಅನ್ನಿಸಿತು.

ಹೊರಗೆ ಬಂದರೆ ಸುಪ್ರಿಯಾ ಇಲ್ಲ. ಚಿಕ್ಕಪ್ಪನಿಗೆ ಗಾಬರಿ. ಆಮೇಲೆ ನೋಡಿದರೆ, ಯಾರದೋ ಸೈಕಲ್ ಇಸಕೊಂಡು ಮೈದಾನದ ಸುತ್ತ ಹೊಡೆಯುತ್ತಿದ್ದಾಳೆ. ವೇಲ್ ಸೊಂಟಕ್ಕೆ ಕಟ್ಟಿ. ಜೋರಾಗಿ ನಗುತ್ತ. ಅವಳಿಗೆ ಸೈಕಲ್ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ರೈಲಿನಲ್ಲಿ ಕೇಳಿದೆ, ಯಾವಾಗ ಕಲಿತೆ ಅಂತ.

"ಇವತ್ತೇ. ಎರಡು ಸಲ ಬಿದ್ದೆ. ಅಲ್ಲಿ ಯಾರೂ 'ವೀರಪ್ಪನ ಮಗಳು ಬಿದ್ಲು' ಅನ್ನಲಿಲ್ಲ ಕಣೇ."

ನಾನು ಖಾಸಗೀಕರಣದ ಬಗ್ಗೆ ಮಾತಾಡಿದೆ. ಬೀರೂರು ಬರುವವರೆಗೂ. ಅವಳು ಕಿಟಕಿ ಹೊರಗೆ ನೋಡುತ್ತಿದ್ದಳು.

ಜೂನ್ 4

ಅಪ್ಪ ಶಿವಮೊಗ್ಗ ಅಂದರು, ಅಮ್ಮ ಮೈಸೂರು ಅಂದರು, ಚಿಕ್ಕಮ್ಮ ಅತ್ತರು. ಸಾಕು ಸುಮ್ನಿರಿ ಅಂತ ಅಜ್ಜಿ – "ಸೋಮವಾರ ವೀರಭದ್ರ ಸ್ವಾಮಿ ಹತ್ರ ಹೂವು ಕೇಳೋಣ."

ಬಿಬಿಎಗೆ ಹೂವು! ಸಿಲಬಸ್ ಬೇಡ, ಮೇಷ್ಟ್ರು ಹೇಗೆ ಅಂತ ಬೇಡ. ಬಲ ಅಂದರೆ ಶಿವಮೊಗ್ಗ, ಎಡ ಅಂದರೆ ಮೈಸೂರು. ಯೂನಿಯನ್ ವೀರಪ್ಪನವರನ್ನು ನೋಡಿದೆ. ತಲೆಯಾಡಿಸುತ್ತಿದ್ದಾರೆ.

"ಚಿಕ್ಕಪ್ಪಾ, ನೀವೂನಾ?"

"ನಿನ್ ಹತ್ರ ಬೇರೆ ದಾರಿ ಇದ್ರೆ ಹೇಳು. ಮನೇಲಿ ಜಗಳ ನಿಲ್ಲೋ ದಾರಿ."

ಸುಪ್ರಿಯಾ ಒಂದೇ ಮಾತು ಹೇಳಿದಳು. "ಆಗ್ಲಿ. ಹೂವಾದ್ರೆ ಯಾರ ಕಡೆಗೂ ವಾಲಲ್ಲ."

ಅಲ್ಮಾಸ್‌ಗೆ ಫೋನ್ ಮಾಡಿ ಬೈದೆ. ಪೂರ್ತಿ ಕೇಳಿಸಿಕೊಂಡಳು. "ಹೌದು, ಬಲಗಡೆ ಬಿದ್ರೆ ಏನ್ ಮಾಡ್ತೀಯ? ಮೂಢನಂಬಿಕೆ ಅಂತ ಮೈಸೂರಿಗೆ ಹೋಗ್ತೀಯ?"

ಜೂನ್ 9, ಸೋಮವಾರ

ಬಲಗಡೆ ಬಿತ್ತು. ಶಿವಮೊಗ್ಗ.

ಜೂನ್ 11

ಬರೆದುಬಿಡಬೇಕು. ಇಲ್ಲಿಯಾದರೂ.

ಹೂವಿನ ತಟ್ಟೆ ಹಿಡಿಯುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಹಿಡಿದವಳು ನಾನು. ಎರಡು ಬಿಳಿ ಸೇವಂತಿಗೆ, ನೀರಲ್ಲಿ ಅದ್ದಿ ಇಟ್ಟಿದ್ದು. ಗುಡಿಯ ಮೆಟ್ಟಿಲ ಹತ್ತಿರ ಎಲ್ಲರೂ ಚಪ್ಪಲಿ ಬಿಡುತ್ತಿದ್ದರು. ವೇಲ್ ತುದಿ ಕೈಗೆ ಸುತ್ತಿಕೊಂಡು ಒಂದು ಹೂವಿನ ಬುಡ ಒರೆಸಿದೆ. ಚೆನ್ನಾಗಿ. ಒಣಗುವ ತನಕ. ಅದನ್ನು ತಟ್ಟೆಯ ಬಲಗಡೆ ಇಟ್ಟೆ.

ಪೂಜಾರಿ ವಿಶ್ವಾರಾಧ್ಯ ಅಯ್ನೋರು ತಟ್ಟೆಯ ಬಲದ್ದು ತೆಗೆದು ಬೆಳ್ಳಿ ಮುಖವಾಡದ ಬಲಕ್ಕೆ ಒತ್ತಿದರು, ಎಡದ್ದು ಎಡಕ್ಕೆ. ಅವರು ಯಾವಾಗಲೂ ಹಾಗೇ ಮಾಡುವುದು. ಕರಪತ್ರಕ್ಕಾಗಿ ಎಷ್ಟು ಸೋಮವಾರ ಕಂಬದ ಹಿಂದೆ ನಿಂತು ನೋಡಿಲ್ಲ ನಾನು.

ಮಂಗಳಾರತಿಯ ಹೊತ್ತಿಗೆ ಜಾರಿತು. ಅಜ್ಜಿಯ ಕಣ್ಣಲ್ಲಿ ನೀರು. ಅಪ್ಪ ನಿಟ್ಟುಸಿರು ಬಿಟ್ಟರು. ಸುಪ್ರಿಯಾ ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡಳು.

ತಪ್ಪೇನಿದೆ? ಹೂವು ಕೇಳುವುದೇ ಸುಳ್ಳು. ಸುಳ್ಳಿಗೆ ಮೋಸ ಮಾಡಿದರೆ ಅದು ಮೋಸವಾ? ಸರ್ಕಾರಿ ಕಾಲೇಜಿಗೆ ಇಬ್ಬರು ಒಳ್ಳೆಯ ವಿದ್ಯಾರ್ಥಿಗಳು ಉಳಿದರು. ಗುರಿ ಸರಿಯಿದೆ.

ಗುರಿ ಸರಿಯಿದೆ.

ಜೂನ್ 16

ಅಡ್ಮಿಷನ್ ಆಯಿತು. ಬಸ್ಸಿನಲ್ಲಿ ಸೀಟಿಲ್ಲ. ಮಾಚೇನಹಳ್ಳಿ ದಾಟುವವರೆಗೂ ನಿಂತೇ ಹೋದೆವು. ಕಾಲೇಜು ಅಂದುಕೊಂಡ ಹಾಗೇ ಇದೆ – ಗೋಡೆಗೆ ಬಣ್ಣ ಕಂಡು ಕಾಲವಾಗಿದೆ, ಮೇಷ್ಟ್ರು ಒಳ್ಳೆಯವರು. ಒಬ್ಬ ಮೇಡಮ್ಮು ನನ್ನ ಗುಲಾಬಿ ಹಾಳೆ ನೋಡಿ "ನೀನೇ ಬರೆದಿದ್ದಾ?" ಅಂದರು. ಸಂಜೆ ಓದುಬಳಗ ಇದೆಯಂತೆ, ಬಾ ಅಂದರು.

ನಾನು ಹಾರುತ್ತ ಬಂದೆ. ಸುಪ್ರಿಯಾ ಹೇಳಿದಲ್ಲಿ ಸೈನ್ ಮಾಡಿದಳು, ಹೇಳಿದಲ್ಲಿ ನಿಂತಳು. ಫೋಟೊ ಕೊಡು ಅಂದಾಗ ಕೊಟ್ಟಳು.

"ಇಷ್ಟ ಆಯ್ತಾ?" ಅಂದೆ.

"ಹತ್ರ ಇದೆ" ಅಂದಳು.

ಮೈಸೂರಿನ ಸೀಟು ಇನ್ನೂ ಬಿಟ್ಟಿಲ್ಲ. "ಮೂವತ್ತನೇ ತಾರೀಕಿನವರೆಗೆ ಟೈಮಿದೆ, ಇರ್ಲಿ ಬಿಡು" ಅಂದಳು. ಯಾಕೆ ಇರಬೇಕು?

ಜೂನ್ 25, ಬುಧವಾರ

ಓದುಬಳಗದಲ್ಲಿ ಇವತ್ತು ನನ್ನ ಸರದಿ. ಒಬ್ಬಳನ್ನೇ ಸಂಜೆಯವರೆಗೆ ಬಿಡಲ್ಲ ಅಂತ ಚಿಕ್ಕಪ್ಪ ಹೇಳಿದ್ದರಿಂದ ಸುಪ್ರಿಯಾನೂ ಉಳಿದಳು. ದಿನಾ ಉಳಿಯುತ್ತಿದ್ದಾಳೆ. ಮೂಲೆ ಬೆಂಚಿನಲ್ಲಿ ಯಾರದೋ ಸೆರಗಿಗೆ ಕುಚ್ಚು ಹಾಕುತ್ತ ಕೂತಿರುತ್ತಾಳೆ. ನನಗೋಸ್ಕರ. ಒಂದು ದಿನವೂ ಥ್ಯಾಂಕ್ಸ್ ಹೇಳಿರಲಿಲ್ಲ ನಾನು.

ವಿಷಯ – 'ನಮ್ಮ ಬದುಕನ್ನು ಯಾರು ತೀರ್ಮಾನಿಸಬೇಕು?' ಬೆವರು ಬರುವ ಹಾಗೆ ಮಾತಾಡಿದೆ. ಮಾಲೀಕರು ಕಾರ್ಮಿಕರನ್ನು ಕೇಳುವುದಿಲ್ಲ, ಮನೆಯವರು ಮಕ್ಕಳನ್ನು ಕೇಳುವುದಿಲ್ಲ, ಕೇಳದೆ ಮಾಡಿದ ಒಳ್ಳೆಯದೂ ದಬ್ಬಾಳಿಕೆಯೇ. ಚಪ್ಪಾಳೆ ಬಿತ್ತು.

ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು.

"ಚೆನ್ನಾಗಿ ಮಾತಾಡಿದೆ" ಅಂದಳು.

"ನಿಜವಾಗ್ಲೂ?"

"ಹೂಂ. ಹೂವು ಒರೆಸಿದ ಹಾಗೇ. ನೀಟಾಗಿ."

ಅವಳು ಮುಂದಿನ ಸೀಟಿನ ಕಂಬಿ ನೋಡುತ್ತಲೇ ಇದ್ದಳು.

"ನೋಡಿದ್ಯಾ?"

"ನಿನ್ನ ಕರಪತ್ರನ ಊರಲ್ಲಿ ಪೂರ್ತಿ ಓದಿದ್ದು ನಾನೊಬ್ಳೇ ಅಮೂಲ್ಯಾ. ನೀನು ವೇಲ್ ಕೈಗೆ ಸುತ್ಕೊಂಡಾಗ್ಲೇ ಗೊತ್ತಾಯ್ತು."

"ಮತ್ಯಾಕೆ ಸುಮ್ನಿದ್ದೆ?"

"ಹೇಳಿದ್ರೆ ಅಜ್ಜಿ ಇಬ್ರನ್ನೂ ಮನೇಲಿ ಕೂರಿಸ್ತಿದ್ರು. ಆಮೇಲೆ… ನೀನೇ ಹೇಳ್ತೀಯೇನೋ ಅಂತ ಕಾದೆ. ದಿನಾ ಕಾದೆ. ಇವತ್ತು ಅಲ್ಲಿ ನಿಂತು ಮಾತಾಡ್ತಿದ್ದಾಗ್ಲೂ, ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅನ್ಕೊಂಡೆ."

"ನಾನು ಸರಿಯಾದದ್ದಕ್ಕೇ…"

"ಹೂವಿಗೆ ಬುದ್ಧಿ ಇಲ್ಲ ಅಂತ ಬರೆದಿದ್ದೆ. ನಿನಗಿದೆಯಲ್ಲ."

"ಇಳೀರಮ್ಮಾ, ಬೇಗ, ಬೇಗ" ಅಂತ ಕಂಡಕ್ಟರ್ ಕೂಗಿದ. ಇಳಿದೆವು. ಸೇತುವೆಯ ಮೇಲೆ ಅವಳು ಮುಂದೆ, ನಾನು ಹಿಂದೆ. ಮನೆ ತನಕ ತಿರುಗಿ ನೋಡಲಿಲ್ಲ.

ಒಬ್ಬರು ಓದಿದರೂ ಸಾಕು ಅಂದಿದ್ದೆ. ಓದಿದಳು.

ಜೂನ್ 27, ಶುಕ್ರವಾರ

ಹೇಳಿದೆ. ಬೆಳಿಗ್ಗೆ ತಿಂಡಿ ಹೊತ್ತಿಗೆ, ಎಲ್ಲರೂ ಇದ್ದಾಗ. ನಿಂತುಕೊಂಡು ಹೇಳಿದೆ. ಹೂವು ಒರೆಸಿದ್ದು, ಬಲಗಡೆ ಇಟ್ಟಿದ್ದು, ಎಲ್ಲ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅಪ್ಪನ ಮುಖ ನೋಡಲಾಗಲಿಲ್ಲ. ಕೈಯಲ್ಲಿದ್ದ ರೊಟ್ಟಿ ತುಂಡು ತಟ್ಟೆಗೆ ಇಟ್ಟರು. "ದೇವರನ್ನ ನಂಬಲ್ಲ ಅಂದೆ, ಆಯ್ತು ಅಂದೆ. ನಾವು ನಿನ್ನ ನಂಬಿದ್ವಲ್ಲ ಮಗಳೇ."

ಬೈದಿದ್ದರೆ ಒಳ್ಳೆಯದಿತ್ತು.

ಇನ್ನು ಅಜ್ಜಿ. ಶಾಪ ಹಾಕುತ್ತಾರೆ ಅಂತ ತಯಾರಾಗಿದ್ದೆ. ಇಬ್ಬರ ಓದೂ ಮುಗಿಯಿತು ಅಂತಲೂ. ಅಜ್ಜಿ ಹೆಂಚಿನ ಮೇಲಿನ ರೊಟ್ಟಿ ಮಗುಚಿ ನಿಧಾನಕ್ಕೆ ಕೇಳಿದರು, "ಒರೆಸೋ ಬುದ್ಧಿ ಕೊಟ್ಟೋರು ಯಾರು?"

"ಯಾರೂ ಕೊಟ್ಟಿಲ್ಲ. ನಾನೇ ಮಾಡಿದ್ದು."

"ಅವನೇ ಕೊಟ್ಟಿದ್ದು. ನಿನ್ನ ಕೈಲಿ ಒರೆಸಿದ್ದೂ ಅವನೇ. ಶಿವಮೊಗ್ಗಾನೇ ಅವನ ಮನಸಲ್ಲಿತ್ತು, ನಿನ್ನ ಕೈ ನೆಪ."

ಚಿಕ್ಕಪ್ಪ ನಗು ತಡೆಯಲು ನೀರು ಕುಡಿದರು. ನನಗೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗಾಯಿತು. ಸತ್ಯ ಹೇಳಿದೆ, ಅದನ್ನೂ ಎತ್ತಿ ದೇವರ ಮನೆಗೆ ಇಟ್ಟರು!

"ಅಜ್ಜೀ, ಹೂವು ಬಿಡಿ. ಅವಳನ್ನ ಕೇಳಿ. ಸುಪ್ರಿಯಾಗೆ ಏನ್ ಬೇಕು ಅಂತ ಈ ಮನೇಲಿ ಯಾರೂ ಕೇಳಿಲ್ಲ."

"ಅವಳನ್ನೇನು ಕೇಳೋದು? ಅವಳು ಹೇಳಿದ ಮಾತು ಕೇಳೋ ಮಗು."

ಎಲ್ಲರೂ ಅವಳ ಕಡೆ ನೋಡಿದರು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ನಾನು ಕಣ್ಣಲ್ಲೇ ಬೇಡಿಕೊಂಡೆ, ಹೇಳು, ಹೇಳು. ಅವಳು ನನ್ನನ್ನೇ ನೋಡುತ್ತಿದ್ದಳು. 'ಯಾರೂ ಕೇಳಿಲ್ಲ' ಅಂದೆನಲ್ಲ. ಬೀರೂರಿನ ತನಕ ಮಾತಾಡಿದವಳು ನಾನೂ ಕೇಳಿರಲಿಲ್ಲ.

ಕೊನೆಗೆ ಅಪ್ಪ ಎದ್ದರು. ಅಜ್ಜಿ ಮುಂದೆ ಮೊದಲ ಸಲ ಅವರ ದನಿ ಏರಿದ್ದು. "ಅವ್ವಾ, ಕೆಟ್ಟ ಹೂವು ಕೆಟ್ಟದ್ದೇ. ಸೋಮವಾರ ಇನ್ನೊಂದು ಸಲ ಕೇಳೋಣ. ಈ ಸಲ ತಟ್ಟೆ ಸುಪ್ರಿಯಾ ಹಿಡೀಲಿ."

ಸೋಮವಾರ ಮೂವತ್ತನೇ ತಾರೀಕು. ಮೈಸೂರಿಗೆ ಕೊನೇ ದಿನ.

ಜೂನ್ 29, ಭಾನುವಾರ

ಅಲ್ಮಾಸ್ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ನಾಳೆ ಎಡಗಡೆದು ಒರೆಸಿಬಿಡು, ಲೆವೆಲ್ ಆಗುತ್ತೆ" ಅಂದಳು. ಆಮೇಲೆ ನನ್ನ ಮುಖ ನೋಡಿ, "ತಮಾಷೆ ಮಾಡ್ದೆ ಕಣೇ."

ನಾನೂ ಅದನ್ನೇ ಯೋಚನೆ ಮಾಡಿದ್ದೆ. ಎರಡು ದಿನದಿಂದ. ಅದೇ ಭಯ.

"ಬಲಗಡೇನೇ ಬಿದ್ರೆ?" ಅಂದೆ.

"ಅವಳು ಇಲ್ಲೇ ಇರ್ತಾಳೆ. ಕುಚ್ಚು ಹಾಕ್ತಾ, ನಿನ್ನ ಭಾಷಣ ಕೇಳ್ತಾ."

"ಎಡಗಡೆ ಬಿದ್ರೆ?"

"ನೀನು ಆ ಗುಲಾಬಿ ಹಾಳೆ ತಿಂದ್ಕೊಂಡು ಮೈಸೂರಿಗೆ ಹೋಗ್ಬೇಕು. ಒಂದೇ ಕಡೆ ಅಂತಲ್ವಾ ನಿಮ್ಮನೆ ರೂಲ್ಸು?"

ಹೌದು. ಅಲ್ಲಿಗೇ ಬರುತ್ತದೆ. ಹೂವು ಏನೇ ಮಾಡಲಿ, ನಾನೂ ಬರ್ತೀನಿ ಅಂದರೆ ಇಬ್ಬರೂ ಒಂದೇ ಕಡೆ ಆಯಿತು, ಅವಳು ಹೋಗಬಹುದು. ನಾನು ಬರಲ್ಲ ಅಂದರೆ ಇಲ್ಲ. ಬೀಗದ ಕೈ ದೇವರ ಹತ್ತಿರ ಇಲ್ಲ, ಅಜ್ಜಿ ಹತ್ತಿರವೂ ಇಲ್ಲ. ಇಷ್ಟು ದಿನ ನನ್ನ ಹತ್ತಿರವೇ ಇತ್ತು.

ಮಧ್ಯಾಹ್ನ ಅವಳ ಪಕ್ಕ ಕೂತೆ. ಹಸಿರು ರೇಷ್ಮೆ ಸೆರಗು, ಹಳದಿ ಕುಚ್ಚು. ದಾರದ ತುದಿ ಹಿಡಿದುಕೊಂಡೆ.

"ಸುಪ್ಪೀ, ನಿನಗೆ ಎಲ್ಲಿಗೆ ಹೋಗ್ಬೇಕು?"

ಗಂಟು ಹಾಕಿದಳು. ಇನ್ನೊಂದು ಹಾಕಿದಳು.

"ಮೈಸೂರಿಗೆ. ಸೈಕಲ್ ಹೊಡೀಬೇಕು. ನನ್ನ ಕುಚ್ಚನ್ನ ಯಾರಿಗೆ ಹೇಗೆ ಮಾರೋದು ಅಂತ ಕಲೀಬೇಕು. ಖುಷಿಯಾಗಿರಬೇಕು. ಅದು ಅಷ್ಟು ಕೆಟ್ಟ ಮಾತಾ?"

"ಅಲ್ಲ."

"ಬ್ರೋಷರ್‌ನಲ್ಲಿ ಇದ್ದಿದ್ದಕ್ಕೆ ಸುಳ್ಳು ಅಂತಿದ್ದೆ."

"ನಾನೂ ಬರ್ತೀನಿ" ಅಂದೆ. ನನ್ನದೇ ದನಿ ಬೇರೆ ಯಾರದೋ ಹಾಗೆ ಕೇಳಿಸಿತು. ಓದುಬಳಗದ ಮೇಡಮ್ಮಿಗೆ ಏನು ಹೇಳಲಿ? ಹಂಚಿದ ಹಾಳೆಗಳನ್ನು ವಾಪಸ್ ತರಲಾಗುವುದಿಲ್ಲ. ಬರೆದಿದ್ದು ಈಗಲೂ ನಿಜವೇ. ಆದರೂ ಬರ್ತೀನಿ.

ಅವಳು ನನ್ನ ಕೈಯಿಂದ ದಾರ ಬಿಡಿಸಿಕೊಂಡಳು. "ಅಜ್ಜಿ ಮುಂದೆ ಹೇಳ್ತೀಯಾ?"

"ಹೇಳ್ತೀನಿ."

"ಹೂವು ಬಲಗಡೆ ಬಿದ್ದ ಮೇಲೂ?"

ಬಲಗಡೆ ಬಿದ್ದ ಮೇಲೆ ಅಜ್ಜಿ ಒಪ್ಪುವುದುಂಟೇ? ಅಪ್ಪನಾದರೂ?

ಜೂನ್ 30, ಸೋಮವಾರ. ಬೆಳಿಗ್ಗೆ

ಸ್ನಾನ ಆಯಿತು. ಹೊರಗೆ ಆಟೋ ಬಂದಿದೆ. ಚಿಕ್ಕಪ್ಪ ಹಾರ್ನ್ ಹೊಡೆಸುತ್ತಿದ್ದಾರೆ, "ಕಾಮ್ರೇಡ್, ಟೈಮಾಯ್ತು!" ಅಜ್ಜಿ ಎರಡು ಸಲ ಕರೆದರು. ಎರಡು ಮಾತು ಬರೆದು ಹೋಗೋಣ ಅಂತ ಕೂತೆ. ಗುಡಿಗೆ ಕಾಲಿಡುವ ಮೊದಲೇ ಹೇಳಿಬಿಡುವುದು. ಅಯ್ನೋರು ಹೂವು ಮುಟ್ಟುವ ಮೊದಲು. ಬಿದ್ದ ಮೇಲೆ ಹೇಳಿದರೆ ಅದು ಹಟ, ಬೀಳುವ ಮೊದಲು ಹೇಳಿದರೆ…

ಸುಪ್ರಿಯಾ ಬಂದಳು. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಇಷ್ಟು ಗಡಿಬಿಡೀಲಿ ಬರೀಬೇಡ, ಅಕ್ಷರ ಕೆಡುತ್ತೆ ಅಂತಾಳೆ. ತಟ್ಟೆಯಲ್ಲಿ ಕಾಯಿ ಇದೆ, ಊದುಬತ್ತಿ ಇದೆ, ವಿಭೂತಿ ಇದೆ. ಹೂವಿಲ್ಲ.

"ಹೂವು ಎಲ್ಲೇ?" ಅಂದೆ.

ಹಿಂದೆ ತಿರುಗಿ ನಿಂತಳು. ಜಡೆಯಲ್ಲಿ ಎರಡು ಬಿಳಿ ಸೇವಂತಿಗೆ, ಇನ್ನೂ ನೀರು ತೊಟ್ಟಿಕ್ಕುತ್ತಿವೆ. ಮುಡಿದ ಹೂವನ್ನು ಯಾವ ಅಯ್ನೋರೂ ದೇವರಿಗೆ ಇಡಲ್ಲ.

"ಬಲದ್ದು ಯಾವುದು, ಎಡದ್ದು ಯಾವುದು ಅಂತ ಇನ್ನು ನನ್ನನ್ನೇ ಕೇಳ್ಬೇಕು" ಅಂದಳು. ನಗುತ್ತಿದ್ದಾಳೆ. ತಟ್ಟೆಯ ಕಾಯಿ ಮಾತ್ರ ಟಕಟಕ ಅನ್ನುತ್ತಿದೆ.

ಅಜ್ಜಿಯ ಕೋಲಿನ ಸದ್ದು. ಈ ಕಡೆಗೇ ಬರುತ್ತಿದ್ದಾರೆ. ತಟ್ಟೆಯ ಇನ್ನೊಂದು ಅಂಚು ನಾನು ಹಿಡಿಯಬೇಕು, ಪೆನ್ನು ಇಟ್ಟೆ.